ಬಿಳಿ ಗಾಡಿ, ಕೆಂಪು ಗಾಡಿ, ಕಾಡಪ್ಪನ ತೀರ್ಪು

ಚಹಾ ಕುಡಿಯುವಾಗ ಬಾಯಿಯನ್ನು ಚಹಾಕ್ಕಷ್ಟೇ ತೆರೆಯಬೇಕು ಎಂಬುದು ಕಾಡಪ್ಪನಿಗೆ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಶನಿವಾರ ಮುಂಜಾನೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಅವನು ಆಡಿದ್ದು ಒಂದೇ ಮಾತು. “ಗಾಡಿ ಹೆಂಗೈತಿ ಅನ್ನೂದು ನಡಿಸಿದವಗ ಗೊತ್ತಾಗತೈತಿ, ಕೊಂಡವಗಲ್ಲ” ಎಂದಿದ್ದ. ಇಪ್ಪತ್ತಾರು ವರ್ಷ ಸರಕಾರಿ ಬಸ್ಸು ಓಡಿಸಿದವನು ಅಷ್ಟು ಹೇಳಿದರೆ ತಪ್ಪೇನೂ ಇರಲಿಲ್ಲ. ಆದರೆ ಪಕ್ಕದಲ್ಲಿ ಕುಳಿತಿದ್ದವನು ಅವನ ಬಸ್ಸಿನ ಕಂಡಕ್ಟರ್ ಸಿದ್ಧಾರೂಢ. ಸಿದ್ಧಾರೂಢನ ಕಿವಿಗೆ ಬಿದ್ದ ಮಾತು ಊರಿನ ಎಲ್ಲ ಸ್ಟಾಪಿನಲ್ಲೂ ನಿಂತು ಮುಂದೆ ಹೋಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಆ ಮಾತು ಹತ್ತಿ ಮಾರುಕಟ್ಟೆ ತಲುಪಿತು. ಅಲ್ಲಿ ಅದಕ್ಕಾಗಿಯೇ ಕಾದು ಕುಳಿತವರಂತೆ ಇಬ್ಬರಿದ್ದರು. ಇಬ್ಬರೂ ಹತ್ತಿ ವ್ಯಾಪಾರಿಗಳು, ಎದುರು ಬದುರು ಅಂಗಡಿಯವರು, ಹನ್ನೊಂದು ವರ್ಷದಿಂದ ಒಬ್ಬರು ಹೌದೆಂದದ್ದಕ್ಕೆ ಇನ್ನೊಬ್ಬರು ಅಲ್ಲ ಎನ್ನುತ್ತ ಬಂದವರು. ಆ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ನಿಜಗುಣಪ್ಪ ಸಾವಕಾರ ಮುಂಬಯಿಯಿಂದ ಒಂದು ಬಿಳಿ ಜಪಾನಿ ಕಾರು ತರಿಸಿದ್ದ. ಇಪ್ಪತ್ತು ದಿನದೊಳಗೆ ಉಳವಪ್ಪ ಸಾವಕಾರ ಕೆಂಪು ಕಾರು ತರಿಸಿದ. ಅದೂ ಜಪಾನಿನದೇ, ಆದರೆ ಬಿಳಿ ಕಾರಿನ ಕಂಪನಿಯ ಬದ್ಧ ವೈರಿ ಕಂಪನಿಯದು. ಪರದೇಶದ ಕೆಸರಲ್ಲಿ, ಹಿಮದಲ್ಲಿ, ಕಾಡುರಸ್ತೆಗಳ ರೇಸಿನಲ್ಲಿ ಆ ಎರಡು ಕಂಪನಿಗಳು ವರ್ಷಗಟ್ಟಲೆ ಗುದ್ದಾಡಿದ್ದವಂತೆ. ಅವುಗಳ ಹೆಸರು ಊರಲ್ಲಿ ಯಾರ ನಾಲಿಗೆಗೂ ಒಗ್ಗಲಿಲ್ಲವಾಗಿ ಬಿಳೀದು, ಕೆಂಪುದು ಎಂದೇ ಕರೆದರು. ಎರಡಕ್ಕೂ ನಾಲ್ಕು ಬಾಗಿಲು, ಮುನ್ನೂರರ ಹತ್ತಿರ ಕುದುರೆ ಶಕ್ತಿ, ಡಿಕ್ಕಿಯ ಮೇಲೆ ಅಡ್ಡಲಾಗಿ ದೊಡ್ಡದೊಂದು ರೆಕ್ಕೆ. ಆ ರೆಕ್ಕೆ ಗಾಳಿಯನ್ನು ಒತ್ತಿ ಹಿಡಿಯಲು ಎಂದರೆ ಯಾರೂ ನಂಬದೆ, ಬಟ್ಟೆ ಒಣಹಾಕಲು ಇರಬೇಕೆಂದು ತೀರ್ಮಾನಿಸಿದ್ದರು.

ಎರಡರಲ್ಲಿ ಯಾವುದು ಚೆನ್ನಾಗಿ ಓಡುತ್ತದೆ ಎಂಬುದು ಮೂರು ತಿಂಗಳಿಂದ ಊರಿನ ಜಗಳವಾಗಿತ್ತು. ಇಬ್ಬರು ಸಾವಕಾರರೂ ಎರಡನೇ ಗೇರಿನಿಂದ ಆಚೆ ಹೋದವರಲ್ಲ. ಕಾಡಪ್ಪನ ಮಾತು ಕೇಳಿದ್ದೇ ನಿಜಗುಣಪ್ಪ ಅಂಗಡಿಯಿಂದ ಎದ್ದು ಬಂದು, “ಖರೆ ಮಾತು. ಕಾಡಪ್ಪನಽ ಎರಡೂ ನಡಿಸಿ ಹೇಳಲಿ. ನಾಳೆ ಕಾರಹುಣ್ಣಿವಿ, ಮಂದೀನೂ ಕೂಡತಾರ, ನಾಳೇನಽ ಆಗಲಿ” ಎಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಉಳವಪ್ಪ ಹೂಂ ಅಂದ.

ಕಾಡಪ್ಪನಿಗೆ ಸುದ್ದಿ ಮುಟ್ಟಿದಾಗ ಅವನು ಕೈಕಾಲು ತೊಳೆದು ಊಟಕ್ಕೆ ಕೂತಿದ್ದ. ಮುರಿದ ರೊಟ್ಟಿಯನ್ನು ಮತ್ತೆ ತಾಟಿಗೇ ಇಟ್ಟ. ಅದಕ್ಕೆ ಕಾರಣವಿತ್ತು. ಅವನ ಮಗಳು ಶೈಲಜಾ ಊರ ಹೈಸ್ಕೂಲಿನಲ್ಲಿ ಆರು ವರ್ಷದಿಂದ ಗಣಿತ ಕಲಿಸುತ್ತಿದ್ದಳು, ಆರು ವರ್ಷದಿಂದಲೂ ಹಂಗಾಮಿ. ಅವಳನ್ನು ಕಾಯಂ ಮಾಡುವ ಕಾಗದ ಸೋಮವಾರದ ಶಾಲಾ ಕಮಿಟಿ ಸಭೆಗೆ ಬರುವುದಿತ್ತು. ಅದಕ್ಕೆ ಎರಡು ಸಹಿ ಬೇಕು, ಒಂದು ಚೇರಮನ್‌ರದು, ಒಂದು ಸೆಕ್ರೆಟರಿಯದು. ಚೇರಮನ್ ನಿಜಗುಣಪ್ಪ, ಸೆಕ್ರೆಟರಿ ಉಳವಪ್ಪ. ಎರಡರಲ್ಲಿ ಒಂದು ತಪ್ಪಿದರೂ ಕಾಗದ ಮತ್ತೆ ಕಪಾಟು ಸೇರುತ್ತದೆ.

ಹೆಂಡತಿ ಗುರವ್ವ ಭಾನುವಾರ ಮುಂಜಾನೆ ಅವನನ್ನು ಕಳಿಸುವಾಗ ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

“ನೋಡ್ರಿ, ಇವತ್ತೊಂದು ದಿವಸ ನಿಮ್ಮ ನಾಲಿಗಿ ನಿಮ್ಮದಲ್ಲ, ಶೈಲಾಂದು. ಬಿಳೀದು ಚಲೋ ಅಂದ್ರ ಉಳವಪ್ಪ ಸಿಟ್ಟಾಗತಾನ. ಕೆಂಪುದು ಚಲೋ ಅಂದ್ರ ನಿಜಗುಣಪ್ಪ. ಎರಡೂ ಸಮಾ ಅಂದು ಸುಮ್ನ ಮನಿಗೆ ಬರ್ರಿ.”

“ಎರಡೂ ಸಮಾ ಇರಾಕ ಅವೇನ್ ತಕ್ಕಡಿ ಕಲ್ಲೇನ?”

“ಇರಲಿ ಬಿಡಲಿ. ನೀವು ಸಮಾ ಅನ್ರಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಾಡಪ್ಪ ಆ ಗಾದೆಯನ್ನು ಬಾಯೊಳಗೇ ಹೇಳಿಕೊಳ್ಳುತ್ತ ಮಾರುಕಟ್ಟೆಯ ಕಡೆ ನಡೆದ.

ಮುಂಜಾನೆ ಬಿಳೀದು, ಮಧ್ಯಾಹ್ನ ಕೆಂಪುದು, ಎರಡೂ ಸವದತ್ತಿಗೆ ಹೋಗಿ ಬರುವುದು ಎಂದು ನಿಶ್ಚಯವಾಗಿತ್ತು. ಆಯಾ ಗಾಡಿಯಲ್ಲಿ ಅದರ ಸಾವಕಾರ ಮುಂದೆ ಕೂರಬೇಕು, ಹಿಂದೆ ಸಾಕ್ಷಿಯಾಗಿ ಸಿದ್ಧಾರೂಢ. ಕಾಡಪ್ಪ ಬಿಳಿ ಗಾಡಿಯ ಬಾಗಿಲು ತೆಗೆದು ಕೂತ. ಕೂತ ಎನ್ನುವುದಕ್ಕಿಂತ ಇಳಿದ ಎನ್ನಬೇಕು. ಬಸ್ಸಿನ ಎತ್ತರದಿಂದ ಜಗತ್ತನ್ನು ನೋಡಿ ರೂಢಿಯಾದವನಿಗೆ ಇಲ್ಲಿ ಜಗತ್ತೇ ತನಗಿಂತ ಎತ್ತರದಲ್ಲಿತ್ತು. ರಸ್ತೆ ಬದಿಯ ಆಡೊಂದು ಅವನನ್ನು ಸರಿಸಮನಾಗಿ ದಿಟ್ಟಿಸಿ ನೋಡಿತು. ಹಿಂದಿನಿಂದ ಸಿದ್ಧಾರೂಢ ಎಳೆಯಲು ಗಂಟೆಯ ಹಗ್ಗ ಸಿಗದೆ ತಲೆಯ ಮೇಲಿನ ಛತ್ತಿಗೆ ಎರಡೇಟು ಬಡಿದು, “ರೈಟ್” ಎಂದ.

ಗಾಡಿ ಊರು ದಾಟುವ ಮೊದಲೇ ಮೊದಲನೆಯ ಹಂಪು ಬಂತು. ಕೆಳಗೆ ಕರ್ರೆಂದು ಸದ್ದಾಯಿತು. ಅಷ್ಟು ಬೆಲೆಯ ಗಾಡಿಯ ಹೊಟ್ಟೆ ಡಾಂಬರಿಗೆ ಉಜ್ಜಿದ್ದು ಕೇಳಿ ಕಾಡಪ್ಪನ ಹೊಟ್ಟೆಯೂ ಉಜ್ಜಿದಂತಾಯಿತು. ಭಾರ ಇಳಿಸಿದರೆ ಮಾತ್ರ ಗಾಡಿ ಹಂಪು ದಾಟುತ್ತಿತ್ತು. ಹೀಗಾಗಿ ಹಂಪು ಬಂದಾಗಲೆಲ್ಲ ನಿಜಗುಣಪ್ಪ, ಸಿದ್ಧಾರೂಢ ಇಬ್ಬರೂ ಇಳಿದು, ಹಂಪು ನಡೆದು ದಾಟಿ, ಆಚೆ ಮತ್ತೆ ಹತ್ತಬೇಕಾಯಿತು. ಸವದತ್ತಿಯವರೆಗೆ ಒಂಬತ್ತು ಹಂಪು. ನಿಜಗುಣಪ್ಪನದು ನೂರು ಕಿಲೋ ದಾಟಿದ ದೇಹ. ಒಂದು ಕೈ ಬಾಗಿಲಿಗೆ, ಒಂದು ಕೈ ಮೊಣಕಾಲಿಗೆ ಕೊಟ್ಟು “ಶಿವನ” ಎಂದು ಏಳುವಾಗ ಸಿದ್ಧಾರೂಢ ಹಿಂದಿನಿಂದ ನೂಕಬೇಕಾಗುತ್ತಿತ್ತು.

“ಕಾಡಪ್ಪಾ, ಬೆನ್ನು ಹೋತು ನೋಡು. ಸೀಟು ಕಲ್ಲಾಗೇತಿ. ಇದನ್ನ ಮಂದಿ ಮುಂದ ಬಿಚ್ಚಿ ಹೇಳು” ಎಂದ ಐದನೆಯ ಹಂಪಿನಲ್ಲಿ.

“ಅಷ್ಟೇನಿಲ್ಲ ಬಿಡ್ರಿ ಸಾವಕಾರ್ರ.”

“ಹಂಗಲ್ಲ. ನನ್ನ ಮುಲಾಜ ಇಟಗೋಬ್ಯಾಡ. ನನ್ನ ಗಾಡಿ ಸುಮಾರ ಅನಸಿದ್ರ ಸುಮಾರ ಅನ್ನು. ಖರೆ ಅಂದ್ರ ಖರೆ.”

ಕಾಡಪ್ಪ ಮನಸ್ಸಿನಲ್ಲೇ ನಕ್ಕ. ಸಾಹೇಬ ‘ಮನಸ್ಸು ಬಿಚ್ಚಿ ಮಾತಾಡು’ ಎಂದಾಗ ಬಾಯಿಗೆ ಎರಡು ಬೀಗ ಜಡಿಯಬೇಕೆಂದು ಇಪ್ಪತ್ತಾರು ವರ್ಷದ ನೌಕರಿ ಅವನಿಗೆ ಕಲಿಸಿತ್ತು. ಸಾವಕಾರ ನನ್ನನ್ನು ಒರೆಗೆ ಹಚ್ಚುತ್ತಿದ್ದಾನೆ ಎಂದುಕೊಂಡು ರಸ್ತೆ ನೋಡಿದ.

ಒಂದು ಸ್ಟಾಪಿನಲ್ಲಿ ಮುದುಕಿಯೊಬ್ಬಳು ಕೈ ಎತ್ತಿದಳು. ಕಾಡಪ್ಪನ ತಲೆ ಬೇಡವೆಂದರೂ ಕಾಲು ತಾನಾಗಿ ಬ್ರೇಕು ತುಳಿಯಿತು. ತಂಗೆವ್ವ ಎಂಬ ಆ ಮುದುಕಿ ತತ್ತಿಯ ಬುಟ್ಟಿ ಹಿಡಿದು, “ಸವದತ್ತಿಗೇನಪಾ? ಹೊಸಾ ನಮೂನಿ ಬಸ್ಸು ಬಿಟ್ಟೀರಿ” ಎನ್ನುತ್ತ ಹಿಂದೆ ಹತ್ತಿ ಕೂತೇಬಿಟ್ಟಳು. ಸಿದ್ಧಾರೂಢನ ಕೈ ಟಿಕೆಟ್ಟಿನ ಚೀಲ ಹುಡುಕಿಕೊಂಡು ಸೊಂಟಕ್ಕೆ ಹೋಗಿ ಬರಿಗೈಯಲ್ಲಿ ವಾಪಸು ಬಂತು.

ಮುಂದೆ ನೆಟ್ಟನೆಯ ರಸ್ತೆ, ಕಣ್ಣಿಗೆ ಒಂದು ನರಪಿಳ್ಳೆಯಿಲ್ಲ. ಕಾಡಪ್ಪ ಕಾಲು ಒತ್ತಿದ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಗಾಡಿ ಚಿಮ್ಮಿತು. ನಿಜಗುಣಪ್ಪನ ಟೊಪ್ಪಿಗೆ ಹಾರಿ ಹಿಂದೆ ತತ್ತಿಯ ಬುಟ್ಟಿಗೆ ಬಿತ್ತು. ಸ್ಟೇರಿಂಗು ಬೆರಳು ಆಡಿಸಿದರೆ ತಿರುಗುತ್ತಿತ್ತು, ಬೆರಳು ಆಡಿಸುವ ಮೊದಲೂ ತಿರುಗುತ್ತಿತ್ತು. ಚುರುಕು ಹೌದು, ಆದರೆ ಗಡಿಬಿಡಿ ಸ್ವಭಾವ. ಗಟ್ಟಿ ಸ್ಪ್ರಿಂಗಿನ ಮೇಲೆ ರಸ್ತೆಯ ಪ್ರತಿ ತಗ್ಗೂ ನೇರವಾಗಿ ಬೆನ್ನಿಗೆ ಬರುತ್ತಿತ್ತು. ಸವದತ್ತಿಯಲ್ಲಿ ಇಳಿದಾಗ ತಂಗೆವ್ವ ಬುಟ್ಟಿ ನೋಡಿಕೊಂಡು, “ನಾಕು ತತ್ತಿ ಹೋದ್ವು” ಎಂದಳು.

ಮಧ್ಯಾಹ್ನ ಕೆಂಪು ಗಾಡಿ. ಉಳವಪ್ಪ ಒಣಗಿದ ಮೆಣಸಿನಕಾಯಿಯಂಥ ಮನುಷ್ಯ, ಸುತ್ತುಬಳಸಿ ಮಾತಾಡುವವನಲ್ಲ.

“ನನ್ನ ಗಾಡಿಗೆ ಅನ್ಯಾಯ ಆಗಬಾರದು ಕಾಡಪ್ಪ. ನಾಳಿ ಕಮಿಟಿ ಐತಿ, ನಾನೂ ಇರತೇನಿ, ನಿನ್ನ ಮಗಳ ಕಾಗದಾನೂ ಇರತೈತಿ.”

“ಆತ್ರಿ” ಎಂದ ಕಾಡಪ್ಪ. ಸಿದ್ಧಾರೂಢ ಛತ್ತು ಬಡಿದ.

ಒಂಬತ್ತು ಹಂಪಿಗೆ ಇದರ ಹೊಟ್ಟೆಯೂ ಉಜ್ಜಿತು, ಆ ಲೆಕ್ಕದಲ್ಲಿ ಎರಡೂ ಸಮ. ಆದರೆ ಹಂಪುಗಳ ನಡುವಿನ ರಸ್ತೆಯಲ್ಲಿ ಕಾಡಪ್ಪನಿಗೆ ಏನೋ ಆಗತೊಡಗಿತು. ಇದರ ಎಂಜಿನ್ನು ಕಿರುಚುತ್ತಿರಲಿಲ್ಲ, ಒಳಗೊಳಗೇ ಗುಡುಗುಡು ಎನ್ನುತ್ತಿತ್ತು. ಸ್ಟೇರಿಂಗು ತುಸು ಭಾರ, ಆದರೆ ಅಂಗೈಗೆ ರಸ್ತೆಯ ಸುದ್ದಿಯನ್ನೆಲ್ಲ ಹೇಳುತ್ತಿತ್ತು. ಇಲ್ಲಿ ಮರಳಿದೆ, ಇಲ್ಲಿ ಡಾಂಬರು ಕಿತ್ತಿದೆ, ಇಲ್ಲಿ ಧೈರ್ಯವಾಗಿ ಒತ್ತು ಎಂದು. ಸವದತ್ತಿಯ ಗುಡ್ಡದ ತಿರುವಿಗೆ ಅವನು ದಿನಾ ಬಸ್ಸನ್ನು ಇಪ್ಪತ್ತರಲ್ಲಿ ತಿರುಗಿಸುತ್ತಿದ್ದ, ಬಸ್ಸು ನರಳುತ್ತಿತ್ತು, ಹಿಂದಿನ ಸೀಟಿನವರು ಬೈಯುತ್ತಿದ್ದರು. ಅದೇ ತಿರುವನ್ನು ಕೆಂಪು ಗಾಡಿ ಎಂಬತ್ತರಲ್ಲಿ ಉಡದ ಹಾಗೆ ನೆಲ ಕಚ್ಚಿಕೊಂಡು ದಾಟಿತು. ನಾಲ್ಕು ಗಾಲಿಯೂ ತನ್ನ ನಾಲ್ಕು ಕೈಕಾಲೇ ಆದಂತೆ ಅನಿಸಿ ಕಾಡಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. ಇಷ್ಟು ವರ್ಷ ತಾನು ಮಾಡಿದ್ದು ಡ್ರೈವಿಂಗ್ ಅಲ್ಲ, ಬರೀ ಹೊತ್ತು ಸಾಗಿಸಿದ್ದು ಎಂದು ಅವನಿಗೆ ಆಗ ಗೊತ್ತಾಯಿತು. ಸಂತೋಷದ ಜೊತೆ ಸಂಕಟವೂ ಆಯಿತು.

ಕಣ್ಣು ಮುಚ್ಚಿ ಶಿವನಾಮ ಹೇಳುತ್ತಿದ್ದ ಉಳವಪ್ಪ ಗುಡ್ಡ ಮುಗಿದ ಮೇಲೆ ಕಣ್ಣು ತೆರೆದ. “ಹೆಂಗೈತಿ?”

ಎರಡು ವೈರಿ ಗಾಡಿಗಳ ಪೈಕಿ ಇದೇ ಮೇಲು, ಹೋಲಿಕೆಯೇ ಇಲ್ಲ ಎನ್ನುವುದು ಕಾಡಪ್ಪನ ಹಲ್ಲಿನವರೆಗೆ ಬಂದಿತ್ತು. ಶೈಲಜಾಳ ನೆನಪಾಗಿ ಅದನ್ನು ನುಂಗಿದ.

“ಐತ್ರಿ” ಎಂದ.

ವಾಪಸು ಬರುವಾಗ ಸವದತ್ತಿಯ ಸ್ಟಾಪಿನಲ್ಲಿ ತಂಗೆವ್ವ ಖಾಲಿ ಬುಟ್ಟಿಯೊಂದಿಗೆ ಕೈ ಎತ್ತಿ ನಿಂತಿದ್ದಳು. ಕಾಲು ಮತ್ತೆ ಬ್ರೇಕು ತುಳಿಯಿತು. ಸ್ವಲ್ಪ ದೂರ ಬಂದ ಮೇಲೆ ಅವಳು ಯಾರೂ ಕೇಳದೆಯೇ ಹೇಳಿದಳು, “ಮುಂಜಾನೀ ಬಿಳೀ ಬಸ್ಸಿಗಿಂತ ಇದು ಭೇಷಿ ಐತಿ. ಇದರಾಗ ಬಂದಿದ್ರ ನನ್ನ ಒಂದ ತತ್ತೀನೂ ಒಡೀತಿದ್ದಿಲ್ಲ.”

ಉಳವಪ್ಪನ ಒಣಮುಖ ಅರಳಿತು. “ಯವ್ವಾ, ನೀ ಮಾರುಕಟ್ಟಿಗೆ ಬಾ. ಇದನ್ನಽ ಮಂದಿ ಮುಂದ ಹೇಳಿ ಹೋಗು. ನಿನಗ ಸೀರಿ ಉಡಸ್ತೇನಿ.”

ಕಾಡಪ್ಪ ಕನ್ನಡಿಯಲ್ಲಿ ಮುದುಕಿಯ ಮುಖ ನೋಡಿದ. ಅವನು ಕಷ್ಟಪಟ್ಟು ನುಂಗಿದ್ದನ್ನು ಮುದುಕಿ ಪುಕ್ಕಟೆ ಉಗುಳಲು ಹೊರಟಿದ್ದಳು.

ಮಾರುಕಟ್ಟೆಯಲ್ಲಿ ಜನ ಸೇರಿತ್ತು. ಎತ್ತು ತೊಳೆದು, ಕೋಡಿಗೆ ಬಣ್ಣ ಹಚ್ಚಿ ಬಂದ ರೈತರೇ ಹೆಚ್ಚು. ಕಾರಹುಣ್ಣಿಮೆಯ ಸಂಜೆ ಊರಿನ ಅಗಸಿ ಬಾಗಿಲಿಗೆ ಬೇವಿನ ಎಲೆಯ ಹಗ್ಗ ಕಟ್ಟುತ್ತಾರೆ. ಅದಕ್ಕೆ ಕರಿ ಎನ್ನುತ್ತಾರೆ. ಬಿಳಿ ಎತ್ತು ಮತ್ತು ಕೆಂದು ಎತ್ತು ಓಡಿಬಂದು ಆ ಕರಿ ಹರಿಯಬೇಕು. ಬಿಳಿಯದು ಮೊದಲು ಹರಿದರೆ ಹಿಂಗಾರಿ ಪೀಕು, ಅಂದರೆ ಹತ್ತಿ, ಬಿಳಿಜೋಳ ಸಮೃದ್ಧ. ಕೆಂದು ಹರಿದರೆ ಮುಂಗಾರಿ ಪೀಕಿಗೆ ಸುಗ್ಗಿ. ಹಿರಿಯನೊಬ್ಬ ಮೀಸೆ ತಿರುವುತ್ತ, “ಎತ್ತು ಓಡೂಕಿಂತ ಮೊದಲಽ ಕಾಡಪ್ಪ ಹೇಳಿಬಿಡಲಿ. ಬಿಳೀದೊ ಕೆಂಪುದೊ ಇಲ್ಲೇ ತಿಳೀತೈತಿ” ಎಂದ. ನಾಲ್ಕು ಜನ ಹೌದೆಂದರು.

ಕಾಡಪ್ಪ ಹತ್ತಿ ತುಂಬಿದ ದೊಡ್ಡ ಚೀಲದ, ಅಂದರೆ ಅಂಡಿಗೆಯ, ಮೇಲೆ ನಿಂತ. ಅಷ್ಟರಲ್ಲಿ ಉಳವಪ್ಪ ತಂಗೆವ್ವನನ್ನು ಮುಂದೆ ತಂದ. ಅವಳು ಬಾಯಿ ತೆರೆದಳು. ಕಾಡಪ್ಪ ಸಿದ್ಧಾರೂಢನ ಕಡೆ ನೋಡಿದ ನೋಟಕ್ಕೆ ಕಲ್ಲೂ ಕರಗಬೇಕಿತ್ತು. ಸಿದ್ಧಾರೂಢ ಕರಗಿದ.

“ಬೇ ಯಮ್ಮಾ, ನಿನ್ನೂರಿನ ಕಡೀ ಬಸ್ಸು ಹೊಂಟೈತಿ. ಬಿಟ್ರ ನಾಳಿಗೇ.”

ಸೀರೆಯ ಆಸೆಗಿಂತ ಬಸ್ಸು ತಪ್ಪುವ ಭಯ ದೊಡ್ಡದು. ತಂಗೆವ್ವ ಬುಟ್ಟಿ ಎತ್ತಿಕೊಂಡು ಸ್ಟ್ಯಾಂಡಿನ ಕಡೆ ಓಡಿದಳು. ಕಾಡಪ್ಪ ಗಂಟಲು ಸರಿಮಾಡಿಕೊಂಡ.

“ನೋಡ್ರಿ, ಬಿಳೀದಕ್ಕ ಚುರುಕು ಭಾಳ, ಕೆಂಪುದಕ್ಕ ಹಿಡತ ಭಾಳ. ಬಿಳೀದು ನಾವು ಹೇಳೂದಕ್ಕಿಂತ ಮೊದಲಽ ತಿರಗತೈತಿ. ಕೆಂಪುದು ಹೇಳಿದ ಮ್ಯಾಲ ತಿರಗತೈತಿ, ಹೇಳಿದಷ್ಟಽ ತಿರಗತೈತಿ. ನೆಟ್ಟನ ರಸ್ತೇದಾಗ ಅದು, ತಿರುವಿನ್ಯಾಗ ಇದು. ಹಂಪು ಬಂದ್ರ ಎರಡರಿಂದಾನೂ ಇಳದು ನಡಕೊಂಡು ಹೋಗಬೇಕು. ಕೂಡಿ ಕಳದು ಎರಡೂ ಸಮಾ ಆತ್ರಿ.”

ಜನ ಗೊಣಗಿದರು. ಉಳವಪ್ಪ ಮಾತ್ರ ‘ಹಿಡತ ಭಾಳ’ ಎಂಬುದನ್ನು ಎರಡು ಸಲ ಮೆಲುಕು ಹಾಕಿ ತಲೆಯಾಡಿಸಿದ. ನಿಜಗುಣಪ್ಪ ಮುಂದೆ ಬಂದ.

“ಇನ್ನೊಮ್ಮೆ ವಿಚಾರ ಮಾಡು ಕಾಡಪ್ಪಾ. ಸೀಟು?”

“ಸೀಟೂ ಸಮಾ ರೀ ಸಾವಕಾರ್ರ.”

“ಹಿಂದ ತತ್ತಿ ಒಡದ್ವಲ್ಲೊ.”

“ಅದು ತತ್ತಿ ದೋಷ ರೀ.”

ನಿಜಗುಣಪ್ಪ ಅವನನ್ನೇ ಸ್ವಲ್ಪ ಹೊತ್ತು ನೋಡಿ ನಿಟ್ಟುಸಿರು ಬಿಟ್ಟ. ಮನುಷ್ಯನಿಗೆ ಮನಸ್ಸು ತುಂಬಿ ಬಂದಿದೆ ಎಂದು ಕಾಡಪ್ಪ ತಿಳಿದ. “ನಾಳಿ ಸಹಿದು ಏನೂ ಕಾಳಜಿ ಇಲ್ಲ ಹೌದಲ್ರಿ?” ಎಂದು ಇಬ್ಬರನ್ನೂ ಕೇಳಿದ. ಉಳವಪ್ಪ ಇಲ್ಲ ಎಂದ. ನಿಜಗುಣಪ್ಪನೂ ಒಲ್ಲದ ಮನಸ್ಸಿನಿಂದ ಇಲ್ಲ ಎಂದ. ಕಾಡಪ್ಪನಿಗೆ ಅಲ್ಲಿಂದಲೇ ಮನೆಗೆ ಹಾರಬೇಕೆನಿಸಿತು.

ಆಗ ನಿಜಗುಣಪ್ಪ ಕೀಲಿ ಅವನ ಕೈಗೆ ಹಾಕಿದ. ಸಾವಕಾರನ ಡ್ರೈವರ ಹಬ್ಬಕ್ಕೆ ಊರಿಗೆ ಹೋಗಿದ್ದ. “ಬಿಳೀದನ್ನ ಮನಿಗೆ ಬಿಟ್ಟುಬಿಡು. ನಾ ಹಿಂದ ನಡಕೊಂತ ಬರತೇನಿ. ಕರಿ ಹರಿಯೂದರಾಗ ಅಗಸಿ ದಾಟು.”

ಸಾವಕಾರನ ಮನೆ ಹಳೇ ಊರಿನಲ್ಲಿ, ಅಗಸಿಯ ಒಳಗೆ. ಹೊತ್ತು ಸಾಕಷ್ಟಿತ್ತು. ಆದರೆ ದಾರಿಯಲ್ಲಿ ಔಷಧಿ ಅಂಗಡಿಯವನು ಗಾಡಿ ತಡೆದು, “ಮಂದಿ ಮುಂದ ಹೇಳಿದ್ದು ಇರಲಿ, ಖರೆ ಯಾವುದು ಚಲೋ?” ಎಂದು ಕಿವಿ ಕೊಟ್ಟ. ಅವನನ್ನು ಬಿಡಿಸಿಕೊಂಡರೆ ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡದ ಇಬ್ಬರು ಹೊರಗೆ ಬಂದರು. ಅವರಿಗೂ ಸಮಾ ಎಂದು ಹೇಳಿ ಅಗಸಿಗೆ ಬರುವ ಹೊತ್ತಿಗೆ ಕರಿ ಕಟ್ಟಿಯಾಗಿತ್ತು. ಬೇವಿನ ಎಲೆ ಜೋತುಬಿದ್ದ ಹಗ್ಗದ ಎರಡೂ ಬದಿಗೆ ಊರೇ ನಿಂತಿತ್ತು. ಸಾವಕಾರರ ಗಾಡಿ ಎಂದು ಜನ ದಾರಿ ಬಿಟ್ಟು, ಬೇಗ ಹೋಗೆಂದು ಕೈ ಬೀಸಿದರು. ಹಿಂದೆ ಮೂವತ್ತು ಹೆಜ್ಜೆಯಲ್ಲಿ ಬಿಳಿ ಎತ್ತು, ಕೆಂದು ಎತ್ತು ಮೂಗುದಾರ ಜಗ್ಗುತ್ತ ಬುಸುಗುಡುತ್ತಿದ್ದವು.

ಗಡಿಬಿಡಿಯಲ್ಲಿ ಕ್ಲಚ್ಚು ಬಿಟ್ಟದ್ದರಿಂದ ಗಾಡಿ ಬಂದ್ ಬಿತ್ತು. ಕಾಡಪ್ಪ ಮತ್ತೆ ಚಾಲು ಮಾಡಿ ಕಾಲು ಒತ್ತಿದ. ಹಿಂದಿನ ಹೊಗೆ ಕೊಳವೆ ಬಂದೂಕಿನ ಹಾಗೆ ಢಮ್ಮೆಂದಿತು. ಎತ್ತುಗಳು ಹಿಡಿದವರನ್ನು ಕೆಡವಿ ಕಿತ್ತುಕೊಂಡು ಬಂದವು. ಕನ್ನಡಿಯ ತುಂಬ ಬಣ್ಣದ ಕೋಡುಗಳು ಕಂಡವು. ಕಾಡಪ್ಪ ಪೂರ್ತಿ ಒತ್ತಿದ. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಅವನ ಜೀವಮಾನದಲ್ಲಿ ಅಷ್ಟು ಉದ್ದದ ಉಸಿರು ಇನ್ನೊಂದಿರಲಿಲ್ಲ. ಆಮೇಲೆ ಬಿಳಿ ಗಾಡಿ ಚಿಮ್ಮಿತು. ಜೋತುಬಿದ್ದ ಬೇವು ಡಿಕ್ಕಿಯ ರೆಕ್ಕೆಗೆ ಸಿಕ್ಕಿ, ಹಗ್ಗ ಫಟ್ಟೆಂದು ಹರಿದು, ಗಾಡಿ ಅದನ್ನು ಬಾಲದಂತೆ ಎಳೆದುಕೊಂಡು ಸಾವಕಾರನ ಮನೆಯ ಮುಂದೆ ನಿಂತಿತು. ಎತ್ತುಗಳು ಹಿಂದಿನಿಂದ ಬಂದು ಪಕ್ಕದ ಓಣಿಗೆ ಹೊಕ್ಕವು.

ಗದ್ದಲವೋ ಗದ್ದಲ. ಎತ್ತಲ್ಲವೆಂದು ಕೆಲವರು ತಕರಾರು ತೆಗೆದರು. ಮೀಸೆಯ ಹಿರಿಯ ಕೈ ಎತ್ತಿ ಸುಮ್ಮನಿರಿಸಿದ. “ಮೊದಲು ಬಂದದ್ದು ಬಿಳೀದು, ಹರದದ್ದು ಬಿಳೀದು. ಬಸವಣ್ಣ ಯಾವ ರೂಪದಾಗ ಬರ್ತಾನೊ ಬಲ್ಲವರ್ಯಾರು? ಈ ವರ್ಷ ಹತ್ತಿ, ಬಿಳಿಜೋಳ ಒಕ್ಕಲಾಕ ಕಣ ಸಾಲೂದಿಲ್ಲ.” ಜನ ಹೋ ಎಂದು ಬಿಳಿ ಗಾಡಿಗೆ ಭಂಡಾರ ಎರಚಿದರು.

ಉಳವಪ್ಪ ಗುಂಪು ಸೀಳಿಕೊಂಡು ಬಂದ. “ಬಾಯಿಲೆ ಸಮಾ ಅಂದಿ, ಕಾಲಿಲೆ ತೀರ್ಪು ಕೊಟ್ಟಿ. ಊರ ಮುಂದ ಬಿಳೀದನ್ನ ಗೆಲ್ಲಿಸಿದಿ. ನಾಳಿ ನಾನೂ ಒಂದ ತೀರ್ಪು ಕೊಡತೇನಿ” ಎಂದು ಹೇಳಿ, ಉತ್ತರಕ್ಕೆ ಕಾಯದೆ ಹೋದ.

ಒಂದು ಸಹಿ ಹೋಯಿತು. ಗೆದ್ದ ಸಾವಕಾರನಾದರೂ ಉಳವಪ್ಪನಿಗೆ ನಾಲ್ಕು ಮಾತು ಹೇಳಿ ಒಪ್ಪಿಸಿಯಾನು ಎಂದು ಕಾಡಪ್ಪ ಕೀಲಿ ಹಿಡಿದು ಕಾದ. ನಿಜಗುಣಪ್ಪ ಏದುಸಿರು ಬಿಡುತ್ತ ಬಂದವನೇ ಕಟ್ಟೆಯ ಮೇಲೆ ಕುಸಿದು ಕೂತ. ಕೈಯಲ್ಲಿ ಮೊಬೈಲು ಬಡಕೊಳ್ಳುತ್ತಿತ್ತು, ಅವನು ಎತ್ತಲಿಲ್ಲ.

“ಗೆದ್ವಿ ರೀ ಸಾವಕಾರ್ರ” ಎಂದ ಕಾಡಪ್ಪ.

“ನನ್ನ ಮನಿ ಮುರದಿ” ಎಂದ ನಿಜಗುಣಪ್ಪ.

“ಏನ್ರಿ?”

“ಗೋದಾಮಿನ್ಯಾಗ ಎರಡು ಸಾವಿರ ಅಂಡಿಗಿ ಹತ್ತಿ ಐತಿ. ದರ ಏರಲಿ ಅಂತ ಹಿಡದಿಟ್ಟೇನಿ. ಬಿಳೀದು ಕರಿ ಹರೀತು, ಈ ವರ್ಷ ಹತ್ತಿ ಸುರೀತೈತಿ ಅಂತ ಊರೆಲ್ಲಾ ನಂಬೇತಿ. ಮನಿಯೊಳಗ ಹತ್ತಿ ಇಟ್ಟ ರೈತರೆಲ್ಲಾ ನಾಳಿ ಮುಂಜಾನೇನಽ ಮಾರಾಕ ತರತಾರ. ದರ ನೆಲಾ ಕಚ್ಚತೈತಿ. ಆಗಲೇ ಹುಬ್ಬಳ್ಳಿಯಿಂದ ಫೋನ್ ಹತ್ಯಾವ.” ನಿಜಗುಣಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಕಾರಹುಣ್ಣಿವಿ ದಿವಸಽ ನಾ ಈ ಪರೀಕ್ಷಾ ಯಾಕ ಇಟ್ಟೆ? ಕೆಂಪುದು ಗೆಲ್ಲಲಿ, ಹತ್ತಿ ದರ ಏರಲಿ ಅಂತ. ಹಾದಿ ತುಂಬ ಹೇಳಿದೆ. ಸೀಟು ಸುಮಾರ ಅಂದೆ, ಬೆನ್ನು ಹೋತು ಅಂದೆ, ಖರೆ ಹೇಳು ಅಂದೆ. ಇದಕ್ಕಿಂತ ಹೆಚ್ಚು ವ್ಯಾಪಾರಸ್ತ ಹೆಂಗ ಹೇಳಬೇಕೊ?”

ಕಾಡಪ್ಪನ ಕೈಯಿಂದ ಕೀಲಿ ತೆಗೆದುಕೊಂಡು ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸೋಮವಾರ ಕಮಿಟಿ ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಹನ್ನೊಂದು ವರ್ಷದಲ್ಲಿ ಎರಡನೆಯ ಸಲ ಚೇರಮನ್ನರೂ ಸೆಕ್ರೆಟರಿಯೂ ಒಂದೇ ಮಾತಿಗೆ ಬಂದರು. ಕಾಗದ ಕಪಾಟು ಸೇರಿತು. ಶೈಲಜಾ ಏಳನೆಯ ವರ್ಷದ ಹಾಜರಿಪುಸ್ತಕಕ್ಕೆ ಹೊದಿಕೆ ಹಾಕುತ್ತ ಕೂತಳು. ಅವಳು ಬೈದಿದ್ದರೆ ಕಾಡಪ್ಪನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ನಿಜಗುಣಪ್ಪನ ಹತ್ತಿಯ ಕಥೆಯನ್ನೆಲ್ಲ ಗಂಡನಿಂದ ತಿಳಿದಿದ್ದ ಗುರವ್ವ ಊಟಕ್ಕೆ ಬಡಿಸುತ್ತ ಕೇಳಿದಳು. “ಇರಲಿ ಬಿಡ್ರಿ, ಆದದ್ದಾತು. ಖರೇನಽ ಯಾವ ಗಾಡಿ ಚಲೋ ಇತ್ತು?”

ಕಾಡಪ್ಪ ಎರಡು ದಿನದಿಂದ ನುಂಗಿಕೊಂಡದ್ದನ್ನು ಹೊರಗೆ ಬಿಟ್ಟ. “ಕೆಂಪುದು. ಹೋಲಿಕೀನ ಇಲ್ಲ. ಆ ಗುಡ್ಡದ ತಿರುವಿನ್ಯಾಗ...” ಎಂದು ಕೈಯಲ್ಲಿ ಸ್ಟೇರಿಂಗು ಹಿಡಿದವನಂತೆ ಮಾಡಿ ತೋರಿಸಿದ.

ಗುರವ್ವ ಸೌಟನ್ನು ಪಾತ್ರೆಗೆ ಹಾಕಿದಳು.

“ಅದನ್ನಽ ಮಾರುಕಟ್ಟ್ಯಾಗ ಹೇಳಿದ್ರ ಇಬ್ಬರೂ ಸಹಿ ಮಾಡತಿದ್ರಲ್ರಿ.”

“ಹೌದು,” ಎಂದ ಕಾಡಪ್ಪ, ಕೈ ಕೆಳಗಿಳಿಸಿ. “ನೀನಽ ಸಮಾ ಅನ್ರಿ ಅಂದಿದ್ದಿ.”